ಗದ್ದೆಗಿಳಿದ ಒನಕೆ ಹಾಡು

ಮಿರ್ಜಾನದ ಹೊಳೆಬದಿಯ ಕೊಪ್ಪವೆಂಬ ಸಣ್ಣ ಕೇರಿಯಲ್ಲಿ ಬಂಗಾರಿಯ ವಯಸ್ಸೆಷ್ಟು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಗಂಡ ಚೌಡನ ಪ್ರಕಾರ ಅರವತ್ತಕ್ಕೆ ಎರಡು ಕಡಿಮೆ. ಬಂಗಾರಿಯ ಪ್ರಕಾರ ನಲವತ್ತೆಂಟು, ಮತ್ತು ಆ ನಲವತ್ತೆಂಟು ಹತ್ತು ವರ್ಷದಿಂದ ಅಲ್ಲೇ ಕೂತಿತ್ತು. ಅದನ್ನು ಅಲುಗಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಜಮೀನಿನ ಯಜಮಾನರಾದ ಒಡೇರ ಗದ್ದೆಯಲ್ಲಿ ಮಳೆಗಾಲದ ನೆಟ್ಟಿ, ಅಂದರೆ ಸಸಿ ನೆಡುವ ಕೆಲಸ, ಶುರುವಾಗುತ್ತಿದ್ದುದೇ ಅವಳ ಬಾಯಿಯಿಂದ.

ಹನ್ನೊಂದು ಹೆಂಗಸರು ಕೆಸರಿಗಿಳಿದು, ಬೆನ್ನು ಬಗ್ಗಿಸಿ, ಸಾಲಾಗಿ ನಿಲ್ಲುತ್ತಿದ್ದರು. ಬಲತುದಿಯ ಜಾಗ ಬಂಗಾರಿಯದು. ಎಡಗೈಯಲ್ಲಿ ಸಸಿಯ ಸೂಡಿ ಹಿಡಿದು ಅವಳು ಹಾಡಿನ ಮೊದಲ ಸೊಲ್ಲು ಎತ್ತುವವರೆಗೆ ಯಾರೂ ಒಂದು ಸಸಿ ಊರುವಂತಿರಲಿಲ್ಲ. ಅವಳು ಒಂದು ಸೊಲ್ಲು ಹೇಳಬೇಕು, ಉಳಿದ ಹತ್ತು ಬಾಯಿ ಅದನ್ನೇ ತಿರುಗಿ ಹೇಳಬೇಕು, ಆ ಸೊಲ್ಲಿನ ಜೊತೆಗೇ ಹನ್ನೊಂದು ಕೈ ನೆಲಕ್ಕೆ ಹೋಗಬೇಕು. ಹಾಗೆ ಹಾಡುತ್ತ, ನೆಡುತ್ತ, ಹಿಂದೆ ಹಿಂದೆ ಸರಿಯುತ್ತ ಹೋದರೆ ಸಂಜೆಯೊಳಗೆ ಗದ್ದೆಯೇ ಮುಗಿದಿರುತ್ತಿತ್ತು. ನಲವತ್ತು ಮಳೆಗಾಲ ಹೀಗೇ ನಡೆದಿತ್ತು. ಸೊಸೆ ಲಕ್ಕಿ ಹನ್ನೆರಡು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅವಳಿಗೂ ಬಂಗಾರಿ ಹೀಗೇ ಕಲಿಸಿದ್ದಳು. ತಾಳ ತಪ್ಪಿದರೆ ಗೆಣ್ಣಿನ ಮೇಲೆ ಒಂದು ಪೆಟ್ಟು. ಲಕ್ಕಿ ಒಳ್ಳೆಯ ಹುಡುಗಿ, ಕೆಸರಿನ ಕೈಯಲ್ಲೇ ಕಣ್ಣೊರೆಸಿಕೊಂಡು ಕಲಿತಳು. ಪೆಟ್ಟನ್ನು ಮರೆತಳೆಂದು ಮಾತ್ರ ಯಾರೂ ತಿಳಿಯಬಾರದು.

ಜಿಲ್ಲೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಬಂದ ನಾಲ್ಕನೆಯ ಮಳೆಗಾಲದಲ್ಲಿ, ಕುಮಟೆಯಿಂದ ಕಮಲಾಕರ ಎಂಬ ಹೊಸ ಗ್ರಾಮಸೇವಕರು ಸೈಕಲ್ ತುಳಿದುಕೊಂಡು ಬಂದರು. ಇಪ್ಪತ್ತನಾಲ್ಕು ಇಪ್ಪತ್ತೈದರ ಪ್ರಾಯ, ತುಂಬಾ ಒಳ್ಳೆಯ ಮಾತು. ಸೈಕಲ್ಲಿನ ಹಿಂದೆ ಒಂದು ಸುತ್ತು ಹಗ್ಗ. ಆ ಹಗ್ಗಕ್ಕೆ ಗೇಣಿಗೊಂದರಂತೆ ಕೆಂಪು ಚಿಂದಿ ಕಟ್ಟಿತ್ತು.

“ಇದು ಜಪಾನಿ ಪದ್ಧತಿ” ಎಂದರು. “ಗದ್ದೆಗೆ ಅಡ್ಡ ಹಗ್ಗ ಹಿಡಿಯೂದು. ಚಿಂದಿಗೊಂದು ಬುಡ. ಬುಡಕ್ಕೆ ಎರಡೇ ಸಸಿ. ಒಂದು ಸಾಲು ಮುಗಿದ ಮೇಲೆ ಹಗ್ಗ ಎತ್ತಿ ಒಂದು ಗೇಣು ಹಿಂದೆ. ಸಸಿಗೆ ಉಸಿರಾಡಲಿಕ್ಕೆ ಜಾಗ ಸಿಕ್ತದೆ, ಬೆಳೆ ಒಂದೂವರೆಪಟ್ಟು ಬರ್ತದೆ.”

ಒಡೇರು ಬದುವಿನ ಮೇಲೆ ಕೊಡೆ ಹಿಡಿದು ನಿಂತು ತಲೆಯಾಡಿಸಿದರು. ಬಂಗಾರಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. ನಲವತ್ತು ವರ್ಷ ನೆಟ್ಟ ಕೈಗೆ ಚಿಂದಿ ಕಂಡಲ್ಲಿ ಒಂದು ಸಸಿ ಊರುವುದು ಯಾವ ಮಹಾ ವಿದ್ಯೆ? ಅವಳು ಗಂಟಲು ಸರಿಮಾಡಿಕೊಂಡು ಎಂದಿನ ಹಾಡು ಎತ್ತಿದಳು.

“ಹೊಳೆಯಾಚೆ ಹೊನ್ನೆಮರ, ಹೂವೆಲ್ಲ ನಮ್ಮ ಕಡೆಗೆ…”

ಮೂರು ಸಾಲು ಮುಗಿಯುವಷ್ಟರಲ್ಲಿ ಕಮಲಾಕರ “ನಿಲ್ಲಿಸಿ, ನಿಲ್ಲಿಸಿ” ಎಂದು ಪ್ಯಾಂಟು ಮಡಚಿ ಕೆಸರಿಗಿಳಿದರು. ಲಕ್ಕಿ ಮತ್ತು ಅವಳ ವಾರಿಗೆಯವರ ಸಾಲು ಸುಮಾರಾಗಿ ನೆಟ್ಟಗಿತ್ತು. ಬಂಗಾರಿ, ಅವಳ ಗೆಳತಿ ಹನುಮಕ್ಕ, ಇನ್ನಿಬ್ಬರು ಹಿರಿಯರು ನಿಂತ ಕಡೆ ಮಾತ್ರ ಚಿಂದಿಗೊಂದು ಬುಡ, ಎರಡು ಚಿಂದಿಗಳ ನಡುವೆ ಮತ್ತೆರಡು ಬುಡ. ಬುಡಕ್ಕೆ ಐದೋ ಆರೋ ಸಸಿ. ಹಗ್ಗ ಎತ್ತುವಾಗ ಕೈ ಸುಮ್ಮನಿರಲಾರದೆ ಹಗ್ಗದಾಚೆಗೂ ಎರಡು ಊರಿಬಿಟ್ಟಿತ್ತು.

ಕಮಲಾಕರ ಬಗ್ಗಿ ನಡುವಿನ ಬುಡಗಳನ್ನು ಒಂದೊಂದಾಗಿ ಕೀಳತೊಡಗಿದರು. ಅವರಿಗೆ ಅದು ಬರೀ ತಿದ್ದುಪಡಿ. ಬಂಗಾರಿ ಮಾತ್ರ ತಾನು ನೆಟ್ಟ ಸಸಿಯನ್ನು ಕಣ್ಣೆದುರೇ ಯಾರೋ ಕೀಳುವುದನ್ನು ಬದುಕಿನಲ್ಲಿ ಮೊದಲ ಸಲ ನೋಡಿದಳು. ಹತ್ತು ಹೆಂಗಸರು ನೋಡುತ್ತಿದ್ದರು.

ಎರಡನೆಯ ಸಲ ಹಾಗೇ ಆಯಿತು. ಮೂರನೆಯ ಸಲವೂ. ಕೊನೆಗೆ ಕಮಲಾಕರ ನೊಂದುಕೊಂಡೇ ಹೇಳಿದರು: “ವಯಸ್ಸಾತಲ್ಲ ಅಮ್ಮ, ಕಲೀಲಿಕ್ಕೆ ಸ್ವಲ್ಪ ಕಷ್ಟ ಆಗ್ತದೆ. ನಿಮ್ಮ ತಪ್ಪಲ್ಲ.”

ಬೈದಿದ್ದರೆ ಬಂಗಾರಿ ತಿರುಗಿ ಬೈಯುತ್ತಿದ್ದಳು, ಅವಳಿಗೆ ಅದೇನು ಹೊಸತಲ್ಲ. ಕನಿಕರ ಕಂಡು ಕೈಯ ಸೂಡಿಯನ್ನು ಅಲ್ಲೇ ಬಿಟ್ಟು ಗದ್ದೆಯಿಂದ ಎದ್ದು ಬಂದಳು.

ಆ ಮಳೆಗಾಲ ಪೂರ್ತಿ ನಾಲ್ವರು ಹಿರಿಯರಿಗೆ ಸಸಿ ಸೂಡಿ ಕಟ್ಟುವ, ಗಂಜಿ ಹೊರುವ ಕೆಲಸ. ಬಂಗಾರಿ ಗಂಜಿಯ ಮಡಕೆ ತಲೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಬಂದಾಗ ಗದ್ದೆಯಲ್ಲಿ ಮಳೆಯ ಸದ್ದು, ಕೆಸರಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಹಾಡು ಎತ್ತಿಕೊಡುವವರಿಲ್ಲದೆ ಏಳು ಜನ ಮೂಕರ ಹಾಗೆ ನೆಡುತ್ತಿದ್ದರು. ಬಲತುದಿಯಲ್ಲಿ, ತನ್ನ ಜಾಗದಲ್ಲಿ, ಲಕ್ಕಿಯ ಬೆನ್ನು ಕಾಣುತ್ತಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಊರಿಗೆಲ್ಲ ಹೇಳಿದವಳೇ ಬಂಗಾರಿ, ಆದರೆ ಆ ಕಾಲ ಹಗ್ಗ ಹಿಡಿದುಕೊಂಡು ಸೈಕಲ್ಲಿನಲ್ಲಿ ಬರುತ್ತದೆಂದು ಎಣಿಸಿರಲಿಲ್ಲ.

ನೆಟ್ಟಿ ಮುಗಿದ ದಿನ ಒಡೇರು ಎಲ್ಲರೆದುರೇ ಹೇಳಿದರು: “ಬಪ್ಪೂ ವರ್ಷದಿಂದ ನನ್ನ ಎಲ್ಲ ಗದ್ದೆಗೂ ಇದೇ ಪದ್ಧತಿ. ಹೊನ್ನಾವರದ ಬದಿಗೆ ಹಗ್ಗದ ನೆಟ್ಟಿ ಕಲಿತ ಸಣ್ಣ ಹೆಂಗಸರ ತಂಡ ಒಂದಿದ್ದು, ಅವರನ್ನೇ ಕರೆಸ್ತೆ. ಈ ಬಾಯಿಮುಚ್ಚಿದ ಏಳು ಜನರನ್ನ ನಂಬಿದ್ರೆ ಚೌತಿ ಬಂದ್ರೂ ನೆಟ್ಟಿ ಮುಗಿಯೂದಿಲ್ಲೆ.”

ಅಂದರೆ ಕೈತಪ್ಪುವುದು ಬಂಗಾರಿಯ ಜಾಗ ಒಂದೇ ಅಲ್ಲ, ಕೊಪ್ಪದ ಹನ್ನೊಂದು ಹೆಂಗಸರ ಮಳೆಗಾಲದ ಕೆಲಸ. ಹೆಂಗಸರು ಬಂಗಾರಿಯ ಮುಖ ನೋಡಿದರು. ಅವಳು ಖಾಲಿ ಗಂಜಿ ಮಡಕೆ ಎತ್ತಿಕೊಂಡು ಮನೆಯ ದಾರಿ ಹಿಡಿದಳು.

ಮರುದಿನ ಬೆಳಿಗ್ಗೆ ಲಕ್ಕಿ ಕೊಡ ಹಿಡಿದು ಬಾವಿಗೆ ಹೋದರೆ, ಎರಡು ತೆಂಗಿನ ಮರಗಳ ನಡುವೆ ದನ ಕಟ್ಟುವ ಹಗ್ಗ ಬಿಗಿದು ಕಟ್ಟಿತ್ತು. ಹಳೆಯ ಸೀರೆಯ ಕೆಂಪು ಅಂಚು ಹರಿದು ಗೇಣಿಗೊಂದು ಗಂಟು. ಬಾವಿಯ ನೀರು ಬಿದ್ದು ಕೆಸರಾದ ಜಾಗದಲ್ಲಿ ಅತ್ತೆ ಸೆರಗು ಸಿಕ್ಕಿಸಿ ನಿಂತಿದ್ದಳು. ಸಸಿಯ ಬದಲು ಕೈಯಲ್ಲಿ ತೆಂಗಿನ ಗರಿಯಿಂದ ತೆಗೆದ ಹಿಡಿಕಡ್ಡಿಯ ಕಟ್ಟು.

“ಎಂತ ಅತ್ತೆ ಇದು?”

“ಕಲಿಸು.”

“ನಾನು? ನಿಂಗೆ?”

“ಮತ್ತೆ ಕುಮಟೆಯಿಂದ ಆ ಪೋರನ್ನ ಕರೀಲಾ? ನಿಂಗೆ ಎರಡು ದಿನಕ್ಕೆ ಬಂತಲ್ಲ, ಹೇಳಿಕೊಡು. ತಪ್ಪಿದ್ರೆ ಗೆಣ್ಣಿನ ಮೇಲೆ ಹೊಡಿ. ನಾ ನಿಂಗೆ ಹೊಡೆದಂಗೇ ಹೊಡಿ.”

ಲಕ್ಕಿ ಮೊದಲು ನಾಚಿದಳು. ಎರಡು ದಿನ ಬರೀ ಬಾಯಲ್ಲಿ “ಅತ್ತೆ, ಅಲ್ಲ ಅತ್ತೆ” ಎಂದಳು. ಮೂರನೆಯ ದಿನ ಒಂದು ಹಿಡಿಕಡ್ಡಿ ಎತ್ತಿ ಚಟ್ ಎಂದು ಬಿಟ್ಟಳು. ಹನ್ನೆರಡು ವರ್ಷ ಕಾದಿದ್ದ ಪೆಟ್ಟು, ಚೆನ್ನಾಗಿಯೇ ತಗುಲಿತು. ಬಂಗಾರಿ ಕೈ ಕೊಡವಿಕೊಂಡು, “ಇಷ್ಟು ಜೋರಾಗಿ ಹೊಡೀತಿದ್ನಾ ನಾನು?” ಎಂದು ಕೇಳಿದಳು.

“ಇದಕ್ಕಿಂತ ಜೋರು” ಎಂದಳು ಲಕ್ಕಿ. ಇಬ್ಬರೂ ನಕ್ಕರು.

ಚೌಡ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, “ಈ ವರ್ಷ ನಮ್ಮನೇಲಿ ಹಿಡಿಕಡ್ಡಿ ಬೆಳೆ ಚಲೋ ಬರೂಹಂಗೆ ಕಾಣ್ತದೆ” ಎನ್ನುತ್ತಿದ್ದ. ಹನುಮಕ್ಕ ಬೇಲಿಯಾಚೆಯಿಂದ, “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಸುಮ್ನೆ ಎಂತಕ್ಕೆ ಸೊಂಟ ಮುರ್ಕೊಳ್ತೆ?” ಎಂದಳು. ಬಂಗಾರಿ ಇನ್ನೊಂದು ಕಡ್ಡಿ ಊರಿದಳು. ಮೊಣಕಾಲು ನೋಯುತ್ತಿತ್ತು. ಹಿಂದೆ ಒಂದು ಸಲ ನೋಡಿದ್ದನ್ನು ಕೈ ಹಿಡಿದುಕೊಂಡುಬಿಡುತ್ತಿತ್ತು. ಈಗ ಇಂದು ಬಂದದ್ದು ನಾಳೆ ಬೆಳಿಗ್ಗೆ ಇರುತ್ತಿರಲಿಲ್ಲ, ಮತ್ತೆ ಮೊದಲಿನಿಂದ ಶುರುಮಾಡಬೇಕು. ಇದೇ ಇರಬೇಕು ವಯಸ್ಸು ಅಂದರೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಆ ನಲವತ್ತೆಂಟು ಅಂದು ಕೂತಲ್ಲಿಂದ ಎದ್ದು ಹೊರಟುಹೋಯಿತು.

ವಿಚಿತ್ರವೆಂದರೆ ಬಾಯಿ ಮುಚ್ಚಿಕೊಂಡಾಗ ಕೈ ಸರಿ ಹೋಗುತ್ತಿತ್ತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿಕೊಂಡು ಒಂದೊಂದೇ ಕಡ್ಡಿ ಊರಿದರೆ ಸಾಲು ನೆಟ್ಟಗೆ ಬರುತ್ತಿತ್ತು. ಆದರೆ ಎಂಥ ನಿಧಾನ! ಆ ಲೆಕ್ಕದಲ್ಲಿ ಒಡೇರ ಗದ್ದೆ ಮುಗಿಯಬೇಕಾದರೆ ದೀಪಾವಳಿ ಬರಬೇಕು. ಬೇಗ ಮಾಡೋಣವೆಂದು ಹಾಡು ಎತ್ತಿದರೆ ಮುಗಿಯಿತು, “ಹೊಳೆಯಾಚೆ ಹೊನ್ನೆಮರ” ಎನ್ನುವಷ್ಟರಲ್ಲಿ ಕೈ ತಾನಾಗಿ ಮೂರು ಬುಡ ಊರಿಬಿಡುತ್ತಿತ್ತು.

“ಹಾಡೂದು ಬಿಡು ಅತ್ತೆ” ಎಂದಳು ಲಕ್ಕಿ.

“ಹಾಡದೆ ನೆಡೂದು ಕೂಲಿ, ಲಕ್ಕಿ. ಹಾಡ್ತಾ ನೆಟ್ರೆ ಗದ್ದೆ” ಎಂದಳು ಬಂಗಾರಿ. ಎಂದವಳೇ ಕೆಸರಿನಲ್ಲೇ ಕೂತುಬಿಟ್ಟಳು. ಕಮಲಾಕರನ ಮೇಲಿನ ಸಿಟ್ಟಿನಲ್ಲಿ ಇಷ್ಟು ದಿನ ಎಳೆದಿದ್ದಳು. ಸಿಟ್ಟೂ ಎಷ್ಟು ದಿನ ಉಳಿದೀತು? ದೀಪಾವಳಿಯ ಹೊತ್ತಿಗೆ ಅದು ಆರಿಹೋಗಿತ್ತು. ಉಳಿದದ್ದು ಹೆದರಿಕೆ, ಬದುವಿನ ಮೇಲೆ ಗಂಜಿ ಮಡಕೆ ಹೊತ್ತು, ಹಾಡಿಲ್ಲದ ಗದ್ದೆಯನ್ನು ನೋಡುತ್ತ ನಿಲ್ಲುವ ಹೆದರಿಕೆ. ಅದೊಂದೇ ಅವಳನ್ನು ದಿನ ಬೆಳಗಾದರೆ ಎಬ್ಬಿಸಿ ಹಗ್ಗದ ಹತ್ತಿರ ತರುತ್ತಿತ್ತು.

ಕೊಯ್ಲು ಮುಗಿಯಿತು. ಭತ್ತ ಮನೆಗೆ ಬಂತು. ಕುಮಟೆಯಲ್ಲಿ ಅಕ್ಕಿ ಗಿರಣಿ ಬಂದು ವರ್ಷಗಳೇ ಆಗಿದ್ದರೂ ಬಂಗಾರಿಯ ಮನೆಯ ಭತ್ತ ಬಂಗಾರಿಯ ಒರಳಿಗೇ ಬೀಳಬೇಕು. ಗಿರಣಿ ಅಕ್ಕಿಯ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದು ಅವಳ ಹಟ. ಒಂದು ಚಳಿಯ ಬೆಳಿಗ್ಗೆ ಅತ್ತೆ ಸೊಸೆ ಒರಳಿನ ಆಚೆ ಈಚೆ ನಿಂತು ಎರಡು ಒನಕೆ ಹಿಡಿದಿದ್ದರು. ಒಂದು ಏರುವಾಗ ಇನ್ನೊಂದು ಇಳಿಯಬೇಕು. ತಪ್ಪಿದರೆ ಒನಕೆಗೆ ಒನಕೆ ತಾಗಿ ಕೈ ಜುಮ್ಮೆನ್ನುತ್ತದೆ, ಇಲ್ಲವೇ ಭತ್ತ ಅಂಗಳದ ತುಂಬ.

“ನನ್ನೊನಕೆ ಮುಗಿಲೀಗೆ” ಎಂದಳು ಬಂಗಾರಿ. ಲಕ್ಕಿಯ ಒನಕೆ ಇಳಿಯಿತು.

“ನಿನ್ನೊನಕೆ ನೆಲದೀಗೆ” ಎಂದಳು ಲಕ್ಕಿ. ಬಂಗಾರಿಯ ಒನಕೆ ಇಳಿಯಿತು.

“ಹ್ಹುಂ” ಎಂದು ಇಬ್ಬರೂ ಉಸಿರು ಬಿಟ್ಟು ಮತ್ತೆ ಮೊದಲಿನಿಂದ.

ಹತ್ತು ಇಪ್ಪತ್ತು ಸಲ ಹೀಗಾದ ಮೇಲೆ ಬಂಗಾರಿ ತಟಕ್ಕನೆ ನಿಂತುಬಿಟ್ಟಳು. ಲಕ್ಕಿಯ ಒನಕೆ ಒಂದೇ ಬಿತ್ತು, ಭತ್ತ ಚಿಮ್ಮಿತು.

“ಎಂತಾತು ಅತ್ತೆ? ಸೊಂಟವಾ?”

“ಸೊಂಟ ಅಲ್ಲ ಮಾರಾಯ್ತಿ. ನನ್ನ ಕೈ ನೋಡು. ನೀ ಹಾಡೂವರೆಗೆ ಸುಮ್ನೆ ನಿಂತದೆ. ಒಂದು ಸಲನಾದ್ರೂ ನಡುವೆ ಹೋತಾ? ಇಲ್ಲಿ ನಿನಗೋಸ್ಕರ ಕಾಯೂ ಕೈ ಗದ್ದೇಲಿ ಎಂತಕ್ಕೆ ಕಾಯೂದಿಲ್ಲ?”

ಲಕ್ಕಿಗೆ ಅರ್ಥವಾಗಲಿಲ್ಲ. ಬಂಗಾರಿಗೆ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿತ್ತು. ಎಡವಟ್ಟು ಮಾಡುತ್ತಿದ್ದುದು ಮೊಣಕಾಲೂ ಅಲ್ಲ, ಕಣ್ಣೂ ಅಲ್ಲ, ಮರೆವೂ ಅಲ್ಲ. ನೆಟ್ಟಿಯ ಹಾಡಿನಲ್ಲಿ ನಿಲ್ಲುವುದಕ್ಕೆ ಜಾಗವೇ ಇರಲಿಲ್ಲ. ಒತ್ತೊತ್ತಾಗಿ ನೆಡುವ ಕಾಲಕ್ಕೆಂದೇ ಯಾವಳೋ ಅಜ್ಜಿ ಒತ್ತೊತ್ತಾಗಿ ಕಟ್ಟಿದ ಹಾಡು ಅದು. ಸಣ್ಣವರ ಕೈಗೆ ಹಾಡು ಹನ್ನೆರಡು ವರ್ಷದ್ದು, ಬೇಗ ಬಿಟ್ಟಿತು. ಅವಳ ಕೈಗೆ ನಲವತ್ತು ವರ್ಷದ್ದು. ಕೈ ಕಲಿಯಲಾರದೆ ಹೋದದ್ದಲ್ಲ, ಕಲಿತದ್ದನ್ನು ಅಷ್ಟು ಚೆನ್ನಾಗಿ ಕಲಿತಿತ್ತು.

ಒರಳಿನಲ್ಲಿದ್ದ ಭತ್ತವನ್ನು ಅಲ್ಲೇ ಬಿಟ್ಟು ಸೊಸೆಯನ್ನು ಎಳೆದುಕೊಂಡು ಹಗ್ಗದ ಹತ್ತಿರ ಹೋದಳು. ಒಬ್ಬಳು ಈ ತುದಿ, ಒಬ್ಬಳು ಆ ತುದಿ. ತನ್ನ ಸೊಲ್ಲು ಹಾಡುವಾಗ ಕಣ್ಣು ಮುಂದಿನ ಚಿಂದಿ ನೋಡುತ್ತದೆ, ಬೆರಳು ಎರಡು ಕಡ್ಡಿ ಆರಿಸುತ್ತದೆ. ಎದುರಿನವಳ ಸೊಲ್ಲಿಗೆ ಕೈ ಇಳಿಯುತ್ತದೆ. ಸಾಲು ಮುಗಿದಾಗ “ಹ್ಹುಂ”, ಹಗ್ಗ ಮೇಲೆದ್ದು ಒಂದು ಗೇಣು ಹಿಂದೆ. ಮೊದಲ ಸಾಲು ಸರಿಯಾಯಿತು. ಎರಡನೆಯದು ಸರಿಯಾಯಿತು. ಹತ್ತನೆಯ ಸಾಲಿನ ಹೊತ್ತಿಗೆ ಬಂಗಾರಿಯ ಕೊರಳ ಮಣಿಸರ ಒನಕೆ ಹಿಡಿದಾಗ ತೂಗುವ ಹಾಗೆಯೇ ತೂಗುತ್ತಿತ್ತು. ಜಗಲಿಯಲ್ಲಿದ್ದ ಚೌಡನ ಕೈ ತನಗೆ ಗೊತ್ತಿಲ್ಲದೆ ಗೋಡೆಗೆ ತೂಗುಹಾಕಿದ್ದ ಗುಮಟೆ ವಾದ್ಯ ಇಳಿಸಿ ತಟ್ಟತೊಡಗಿತು. ಬಂಗಾರಿಗೆ ಅಳು ಬಂತು. ಅಳುತ್ತಲೇ ಹಾಡಿದಳು, ಒಂದು ಕಡ್ಡಿಯೂ ತಪ್ಪಲಿಲ್ಲ.

ಅಲ್ಲಿಗೆ ಎಲ್ಲ ಆಯಿತೆಂದಲ್ಲ. ಬೆಳಿಗ್ಗೆ ಮರೆಯುವುದು, ಸಂಜೆ ನೆನಪಾಗುವುದು ಇನ್ನೂ ನಾಲ್ಕು ತಿಂಗಳು ಇತ್ತು. ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ, ಆದರೆ ಆ ನಡುವಿನ ಅಪಸ್ವರ ಎಷ್ಟು ಉದ್ದವಿರುತ್ತದೆಂದು ಅವರು ಹೇಳುವುದಿಲ್ಲ. ಬಂಗಾರಿ ಕೊಪ್ಪದ ಉಳಿದ ಹೆಂಗಸರನ್ನೂ ಬಾವಿಕಟ್ಟೆಗೆ ಎಳೆದು ತಂದಳು. ಎಲ್ಲರ ಮನೆಯಲ್ಲೂ ಒರಳಿತ್ತು, ಎಲ್ಲರಿಗೂ ಹಾಡು ಗೊತ್ತಿತ್ತು. ಹನುಮಕ್ಕ ಮಾತ್ರ ಬಾಯಿ ಬಿಗಿದುಕೊಂಡಳು.

“ಕಡ್ಡಿ ಊರೂಕೆ ಬತ್ತೆ. ಹಾಡೂದಿಲ್ಲ” ಎಂದಳು. “ಕುಟ್ಟೂ ಹಾಡನ್ನ ನೆಡೂವಾಗ ಹಾಡ್ತ್ರಾ? ಭತ್ತ ಬೆಳೆಯೂಕೆ ಮುಂಚೆ ಒರಳಿಗೆ ಹಾಕಿದಂಗಾತು. ಭೂಮಿತಾಯಿ ಮುನಿದ್ರೆ ನೀ ಬತ್ತ್ಯಾ ಸಮಾಧಾನ ಮಾಡೂಕೆ?”

ಹನುಮಕ್ಕನ ಮಾತಿಗೆ ಕೊಪ್ಪದಲ್ಲಿ ತೂಕವಿತ್ತು. ಲಕ್ಕಿಯನ್ನು ಬಿಟ್ಟು ಉಳಿದವರೆಲ್ಲ ಅವಳ ಹಿಂದೆ ಬಾಯಿ ಮುಚ್ಚಿಕೊಂಡರು. ಬಂಗಾರಿ ಒತ್ತಾಯ ಮಾಡಲಿಲ್ಲ.

ಬೇಸಗೆಯ ಕೊನೆಗೆ ಕಮಲಾಕರ ಬೀಜದ ವಿಚಾರ ಹೇಳಲು ಕೊಪ್ಪಕ್ಕೆ ಬಂದರು. ಬಾವಿಕಟ್ಟೆಯ ಪಕ್ಕದಲ್ಲಿ ಸೈಕಲ್ ನಿಲ್ಲಿಸಿದವರು ಅಲ್ಲೇ ನಿಂತರು. ಆ ಕೆಸರಿನ ತುಂಡಿನಲ್ಲಿ ನೂರಾರು ಹಿಡಿಕಡ್ಡಿಗಳು ಉದ್ದಕ್ಕೂ ಅಡ್ಡಕ್ಕೂ ಸಾಲು ತಪ್ಪದೆ ನಿಂತಿದ್ದವು. ಅವರು ಅಳತೆಯ ಕೋಲು ತೆಗೆದು ಹತ್ತು ಕಡೆ ಇಟ್ಟು ನೋಡಿದರು.

“ಇದು ಯಾರು ಊರಿದ್ದು?”

“ವಯಸ್ಸಾದವ್ರು” ಎಂದಳು ಬಂಗಾರಿ.

ಕಮಲಾಕರ ಕೆಂಪಗಾದರು. ಆದರೆ ಮನುಷ್ಯ ಒಳ್ಳೆಯವರು. ಅಲ್ಲಿಂದ ನೇರ ಒಡೇರ ಮನೆಗೆ ಹೋಗಿ ಒಂದು ಹೊತ್ತು ಕೂತು ಬಂದರು. ಒಡೇರ ತೀರ್ಮಾನ ಹೀಗಿತ್ತು: ಹೊನ್ನಾವರದವರಿಗೆ ಹೇಳಿ ಆಗಿದೆ, ಅವರು ಬಂದೇ ಬರುತ್ತಾರೆ. ನೆಟ್ಟಿಯ ಮೊದಲ ದಿನ ಹೊಳೆಬದಿಯ ಗದ್ದೆಯನ್ನು ಬಂಗಾರಿಯ ತಂಡಕ್ಕೆ ಕೊಡುವುದು. ಮಧ್ಯಾಹ್ನದ ಗಂಜಿಯ ಹೊತ್ತಿಗೆ ಅದು ಮುಗಿದಿರಬೇಕು, ಸಾಲು ಕೋಲಿಗೆ ಸರಿಬರಬೇಕು. ಬಂದರೆ ಗದ್ದೆಗಳೆಲ್ಲ ಕೊಪ್ಪದವರಿಗೆ, ಹೊನ್ನಾವರದವರಿಗೆ ಆಚೆ ಊರಿನ ಜಮೀನು. ಬಾರದಿದ್ದರೆ ಮುಂದೆಂದೂ ಈ ಮಾತು ಎತ್ತಬಾರದು.

ಆ ವರ್ಷದ ಮಳೆ ಕೇಳಬೇಡಿ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮೊದಲ ದಿನ ಬೆಳಿಗ್ಗೆ ಹೊನ್ನಾವರದಿಂದ ಹದಿನಾಲ್ಕು ಜನ ಹುಡುಗಿಯರು ಬಸ್ಸಿಳಿದು ಬಂದು, ತಮ್ಮ ಸರದಿ ಮಧ್ಯಾಹ್ನಕ್ಕೆಂದು ಬದುವಿನ ಮೇಲೆ ಮಳೆಗೆ ಕಂಬಳಿಯ ಕೊಪ್ಪೆ ಹೊದ್ದು ಕೂತರು. ಒಡೇರು ಕೊಡೆ ಹಿಡಿದು ನಿಂತರು. ಕಮಲಾಕರ ಹಗ್ಗ ಬಿಗಿದು ಕೊಟ್ಟರು.

ಬಂಗಾರಿ ಬಲತುದಿಗೆ ನಿಂತಳು. ಎಡತುದಿಗೆ ಲಕ್ಕಿ. ಬಂಗಾರಿಗೆ ಒಂದೇ ಹೆದರಿಕೆ: ಬೆಳಿಗ್ಗೆ ಎದ್ದಾಗ ಎಲ್ಲ ಮರೆತುಹೋಗಿದ್ದರೆ? ಒಂದು ಸಲ ಹೊಳೆಯ ಕಡೆ ನೋಡಿ ಕೈಮುಗಿದು ಸೊಲ್ಲು ಎತ್ತಿದಳು.

“ನನ್ನೊನಕೆ ಮುಗಿಲೀಗೆ…”

ಲಕ್ಕಿಯೂ ಅವಳ ಬದಿಯವರೂ ಊರಿದರು. ಲಕ್ಕಿ ತಿರುಗಿ ಹಾಡಿದಳು. ಬಂಗಾರಿಯ ಕೈ ಕಾಯಿತು, ಇಳಿಯಿತು. ಚಿಂದಿಗೊಂದು ಬುಡ, ಬುಡಕ್ಕೆ ಎರಡು ಸಸಿ. ಆದರೆ ದನಿ ಎರಡೇ, ಬಲು ಸಣ್ಣಗೆ, ಮಳೆಯಲ್ಲಿ ಮುಳುಗಿಹೋಗುತ್ತಿತ್ತು. ನಡುವಿನವರಿಗೆ ಸೊಲ್ಲು ಕೇಳದೆ ಕೈ ಹಿಂದೆ ಮುಂದೆ ಆಗತೊಡಗಿತು. ಐದು ಸಾಲು ಆಗುವಷ್ಟರಲ್ಲಿ ಒಡೇರು ಆಕಾಶ ನೋಡಿದರು. ಹೊತ್ತು ಹೋಗುತ್ತಿತ್ತು.

ಬಂಗಾರಿ ನೆಡುವುದು ನಿಲ್ಲಿಸದೆ ಪಕ್ಕದ ಹನುಮಕ್ಕನಿಗೆ ಹೇಳಿದಳು: “ಹನುಮಕ್ಕ, ನಾವು ನೆಡೂದು ಎಂತಕ್ಕೆ? ಕುಟ್ಟೂಕಲ್ವಾ? ಈ ಗದ್ದೆಯಿಂದ ನಿನ್ನ ಒರಳಿಗೆ ಹೋಗೂ ದಾರಿ ತಾಯಿಗೆ ಗೊತ್ತಿಲ್ವಾ? ಅವಳಿಗೆ ಮೊದಲೇ ಹೇಳಿಟ್ಟಂಗಾತು, ಇಷ್ಟು ಭತ್ತ ಬೇಕು ಅಂತ.”

ಹನುಮಕ್ಕ ಒಂದು ಬುಡ ಊರಿದಳು. ಇನ್ನೊಂದು ಊರಿದಳು. ಮೂರನೆಯ ಬುಡಕ್ಕೆ ಸಾಲು ಮುಗಿದು ಅವಳ ಬಾಯಿಂದ “ಹ್ಹುಂ” ಎಂದು ತಾನಾಗಿಯೇ ಬಂತು. ಆಮೇಲೆ ತಡೆಯಲಾಗಲಿಲ್ಲ. ಹನುಮಕ್ಕನ ದನಿ ಎಂದರೆ ಹೊಳೆಯಾಚೆಯ ದೋಣಿಯವನು ತಿರುಗಿ ನೋಡುವ ದನಿ. ಅವಳು ಹಾಡಿದ್ದೇ ಬಾಯಿ ಮುಚ್ಚಿದ್ದವರೆಲ್ಲ ಬಾಯಿ ಬಿಟ್ಟರು. ಈ ಬದಿ ಒಂದು ಸೊಲ್ಲು, ಆ ಬದಿ ಒಂದು ಸೊಲ್ಲು. ಈ ಬದಿಯ ಬೆನ್ನು ಏಳುವಾಗ ಆ ಬದಿಯ ಬೆನ್ನು ಬಾಗುತ್ತಿತ್ತು. “ಹ್ಹುಂ” ಎಂದಾಗ ಹಗ್ಗ ಹಾರುತ್ತಿತ್ತು. ಗಡಿಬಿಡಿಯಿಲ್ಲ, ತಡವೂ ಇಲ್ಲ. ಬಂಗಾರಿಗೆ ಮೊಣಕಾಲು ಇದೆಯೆಂಬುದೇ ಮರೆತುಹೋಯಿತು. ನಲವತ್ತು ಮಳೆಗಾಲದಲ್ಲಿ ಇಂಥ ಖುಷಿಯಿಂದ ಅವಳು ನೆಟ್ಟಿರಲಿಲ್ಲ.

ಗಂಜಿಯ ಮಡಕೆ ಬದುವಿಗೆ ಬಂದಾಗ ನೆಡಲು ಗದ್ದೆ ಉಳಿದಿರಲಿಲ್ಲ. ಹೊತ್ತು ತಂದವನು ಚೌಡ. ಹೆಂಗಸರು ಬದು ಹತ್ತಿ ನಿಂತು, ಬರೀ ಗಂಜಿ ಕಾದಿದ್ದವರ ಹಾಗೆ ಮುಖ ಮಾಡಿಕೊಂಡರು. ಕಮಲಾಕರ ಕೋಲು ಹಿಡಿದು ಗದ್ದೆಗಿಳಿದು ಈ ಮೂಲೆ, ಆ ಮೂಲೆ, ನಡುವೆ, ಎಲ್ಲ ಕಡೆ ಇಟ್ಟು ನೋಡಿದರು. ಒಡೇರು ಬದುವಿನ ಮೂಲೆಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದರು. ನೇರ ನೋಡಿದರೂ ಸಾಲು, ಅಡ್ಡ ನೋಡಿದರೂ ಸಾಲು, ಓರೆಯಾಗಿ ನೋಡಿದರೂ ಸಾಲು.

“ಬಂಗಾರಿ” ಎಂದರು ಒಡೇರು. ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. “ನಾಳೆ ಮೇಲಿನ ಗದ್ದೆಗೆ ಬೇಗ ಬನ್ನಿ. ಹನ್ನೊಂದು ಜನವೂ.”

“ಆತು ಒಡೇರೆ” ಎಂದಳು ಬಂಗಾರಿ, ದಿನಾ ಹೇಳುವ ಹಾಗೆ. ಬದುವಿನ ಆಚೆ ಲಕ್ಕಿ ಅತ್ತೆಯ ಕೈ ಹಿಡಿದು, ಹಿಡಿಕಡ್ಡಿಯ ಪೆಟ್ಟು ತಿಂದ ಗೆಣ್ಣುಗಳನ್ನು ಮಳೆನೀರಿನಲ್ಲಿ ತೊಳೆದಳು. ಅತ್ತೆ ಇನ್ನೊಂದು ಕೈಯನ್ನೂ ಚಾಚಿದಳು.

ಅಷ್ಟರಲ್ಲಿ ಹೊನ್ನಾವರದ ತಂಡದ ಹುಡುಗಿಯರು ಹತ್ತಿರ ಬಂದರು. ಬೆಳಗಿನಿಂದ ಅವರ ಕಾಲುಗಳು ಬದುವಿನ ಮೇಲೆ ತಾಳ ಹಾಕುತ್ತಲೇ ಇದ್ದವು. ಮುಂದಿದ್ದವಳು ಗಣಪಿ, ಇಪ್ಪತ್ತು ತುಂಬಿರಲಿಕ್ಕಿಲ್ಲ.

“ಅಮ್ಮಾ, ನಾವು ಹಗ್ಗದಲ್ಲಿ ಎರಡು ವರ್ಷದಿಂದ ನೆಡ್ತ್ರು. ಆದ್ರೆ ಬಾಯಿಗೆ ಎಂತಾ ಇಲ್ಲ, ಬೇಜಾರು ಬತ್ತದೆ. ಆ ಹಾಡು ನಂಗಕೂ ಹೇಳಿಕೊಡ್ತ್ಯಾ?”

ಬಂಗಾರಿ ಗಂಜಿಯ ಬಟ್ಟಲು ಕೆಳಗಿಟ್ಟು ಎದ್ದಳು. ಬದುವಿನ ಪಕ್ಕ ಸಸಿ ಇಲ್ಲದ ಕೆಸರಿನಲ್ಲಿ ಹುಡುಗಿಯನ್ನು ಎದುರಿಗೆ ನಿಲ್ಲಿಸಿ ಸೊಲ್ಲು ಎತ್ತಿದಳು. ಗಣಪಿ ತಿರುಗಿ ಹಾಡಿದಳು, ದನಿ ಚೆಂದವಿತ್ತು. ಆದರೆ ಕೈ ಎದುರಿನವಳಿಗೆ ಕಾಯಲಿಲ್ಲ. ತನ್ನ ಸೊಲ್ಲಿಗೂ ಇಳಿಯಿತು, ಬಂಗಾರಿಯ ಸೊಲ್ಲಿಗೂ ಇಳಿಯಿತು. ಇನ್ನೊಮ್ಮೆ ಮಾಡಿದರು. ಮತ್ತೂ ಹಾಗೇ.

“ನಿಮ್ಮನೇಲಿ ಭತ್ತ ಯಾರು ಕುಟ್ಟೂದು?” ಎಂದು ಕೇಳಿದಳು ಬಂಗಾರಿ.

“ಕುಟ್ಟೂದಾ? ಗಿರಣಿಗೆ ಹಾಕೂದು. ನಾ ಒನಕೆ ಹಿಡಿದೇ ಇಲ್ಲ” ಎಂದು ಹುಡುಗಿ ಮುಖ ಸಣ್ಣದು ಮಾಡಿಕೊಂಡಳು.

ಬಂಗಾರಿ ಕಮಲಾಕರನ ಕಡೆ ಒಂದು ಸಲ ನೋಡಿದಳು. ಆಮೇಲೆ ಕೆಸರಿನ ಕೈಯಿಂದಲೇ ಹುಡುಗಿಯ ಗಲ್ಲ ತಟ್ಟಿದಳು.

“ಸಣ್ಣ ವಯಸ್ಸಲ್ಲಾ ಮಗಾ, ಕಲೀಲಿಕ್ಕೆ ಸ್ವಲ್ಪ ಕಷ್ಟ ಆಗ್ತದೆ” ಎಂದಳು. “ನಿನ್ನ ತಪ್ಪಲ್ಲ.”